ಪ್ರಯೋಗಶಾಲೆಯ ತಾಂತ್ರಿಕ ವೃತ್ತಿ: ಒಂದು ಪರ್ಯಾಲೋಚನೆ

ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ವಿಜ್ಞಾನಗಳಿಗೆ ನಾಲ್ಕು ಅಂಕ ಹೆಚ್ಚಾಗಿ ಬಂದ ಮಕ್ಕಳಿಗೆ ನಮ್ಮ ಮನೆಗಳಲ್ಲಿ ಹೇಳುವ ಬುದ್ಧಿವಾದ ಬಹುಕಾಲದಿಂದ ಒಂದೇ ಬಗೆಯದು: ಡಾಕ್ಟರಿಕೆ, ಅದು ಸಿಗದಿದ್ದರೆ ಎಂಜಿನಿಯರಿಕೆ, ಎರಡೂ ಕೈಗೂಡದಿದ್ದರೆ ಬಿ.ಎಸ್‌ಸಿ. ಮುಗಿಸಿಕೊಂಡು ಆಮೇಲೆ ನೋಡೋಣ ಎಂಬುದು. ವಿಜ್ಞಾನವೆಂಬುದು ಚಿಂತಿಸುವವರೂ ಬೋಧಿಸುವವರೂ ಸೇರಿ ನಡೆಸತಕ್ಕ ವ್ಯವಹಾರವೆಂಬ ಭಾವನೆ ಈ ಉಪದೇಶದ ತಳದಲ್ಲಿ ಅಡಗಿದೆ. ಆದರೆ ಯಾವುದಾದರೊಂದು ದೊಡ್ಡ ಸಂಶೋಧನಾಲಯವನ್ನು ಒಳಹೊಕ್ಕು ನೋಡಿದವರಿಗೆ, ಅಲ್ಲಿ ಪಂಪು ಕೆಟ್ಟಾಗ ಎಲ್ಲರೂ ಯಾರ ಮುಖ ನೋಡುತ್ತಾರೋ, ಕೊಳವೆ ಬಿರಿದಾಗ ಯಾರ ಕೋಣೆಯ ಬಾಗಿಲು ತಟ್ಟುತ್ತಾರೋ, ಇಪ್ಪತ್ತು ವರ್ಷಗಳ ಹಿಂದೆ ಕೊಂಡ ಯಂತ್ರದ ಚಾಳಿಗಳೆಲ್ಲ ಯಾರ ನೆನಪಿನಲ್ಲಿವೆಯೋ, ಅಂಥ ಇನ್ನೊಂದು ವರ್ಗದ ಜನರು ಅಲ್ಲಿದ್ದಾರೆಂಬುದು ಬೇಗನೆ ಅರಿವಿಗೆ ಬರುತ್ತದೆ. ಹಾಜರಿ ಪುಸ್ತಕದಲ್ಲಿ ಅವರು ಟೆಕ್ನಿಷಿಯನ್, ಟೆಕ್ನಿಕಲ್ ಅಸಿಸ್ಟೆಂಟ್, ಲ್ಯಾಬ್ ಅಸಿಸ್ಟೆಂಟ್, ಕಾಲೇಜುಗಳಲ್ಲಾದರೆ ಬರಿಯ ಅಟೆಂಡರ್. ಈ ವೃತ್ತಿಯ ಪೂರ್ವೋತ್ತರವೇನು, ಇಂದಿನ ಸ್ಥಿತಿಯೇನು, ತರುಣರು ಇದನ್ನು ಜೀವನೋಪಾಯವಾಗಿ ವರಿಸಬಹುದೆ ಎಂಬ ಪ್ರಶ್ನೆಯನ್ನು ಇಲ್ಲಿ ಕೊಂಚ ವಿಸ್ತಾರವಾಗಿ ವಿಚಾರ ಮಾಡುವುದು ಉದ್ದೇಶ.

ಇತಿಹಾಸವು ಈ ಜನರ ವಿಷಯದಲ್ಲಿ ಕೃಪಣವಾಗಿದೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ರಾಬರ್ಟ್ ಬಾಯ್ಲನು ವಾಯುವನ್ನು ಕುರಿತು ನಡೆಸಿದ ಪ್ರಯೋಗಗಳು ಪಾಠಪುಸ್ತಕಗಳಲ್ಲಿ ಅವನೊಬ್ಬನ ಹೆಸರಿನಲ್ಲಿಯೇ ನಿಂತಿವೆ. ಆ ಪ್ರಯೋಗಗಳಿಗೆ ಆಧಾರವಾಗಿದ್ದ ವಾಯುಪಂಪನ್ನು ಕಟ್ಟಿ ನಡೆಯುವಂತೆ ಮಾಡಿದವನು ಅವನ ಬಳಿ ಸಂಬಳಕ್ಕಿದ್ದ ರಾಬರ್ಟ್ ಹುಕ್. ತರುವಾಯ ಅಲ್ಲಿಗೆ ಬಂದ ಡೆನಿಸ್ ಪ್ಯಾಪಿನ್—ನಮ್ಮ ಅಡುಗೆಮನೆಯ ಕುಕ್ಕರಿನ ಮೂಲಪುರುಷನೂ ಇವನೇ—ಪ್ರಯೋಗಗಳನ್ನು ಮಾಡಿದ್ದಷ್ಟೇ ಅಲ್ಲದೆ ಬರವಣಿಗೆಯ ಭಾರವನ್ನೂ ಬಹುಮಟ್ಟಿಗೆ ಹೊತ್ತನೆಂದು ಬಾಯ್ಲನೇ ಒಪ್ಪಿಕೊಂಡಿದ್ದಾನೆ. ವಿಜ್ಞಾನದ ಇತಿಹಾಸಕಾರ ಸ್ಟೀವನ್ ಶೇಪಿನ್ 1989ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಬಾಯ್ಲನ ಸಹಾಯಕರ ಜಾಡನ್ನು ಹಿಡಿದು ಹೊರಟು, ಅವರು ದಾಖಲೆಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಏನಾದರೂ ಕೆಟ್ಟಾಗ, ಒಡೆದಾಗ, ಸೋರಿದಾಗ ಮಾತ್ರವೆಂದು ತೋರಿಸಿಕೊಟ್ಟರು. ಕೆಲಸ ಸರಿಹೋದಾಗ ಕರ್ತೃ ಯಜಮಾನ, ಕೆಟ್ಟಾಗ ಕರ್ತೃ ಸೇವಕ ಎಂಬ ಈ ವ್ಯಾಕರಣ ನಮಗೂ ಅಪರಿಚಿತವಲ್ಲ.

ಮೈಕಲ್ ಫ್ಯಾರಡೆಯು 1813ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿಗೆ ಸೇರಿದ್ದು ಹಂಫ್ರಿ ಡೇವಿಯ ಸಹಾಯಕನಾಗಿ, ಪುಸ್ತಕಕ್ಕೆ ರಟ್ಟು ಕಟ್ಟುವ ಕಸುಬನ್ನು ಬಿಟ್ಟು. ಅವನೇ ದೊಡ್ಡವನಾದ ಮೇಲೆ ಅವನಿಗೆ ದೊರೆತ ಸಹಾಯಕ ಸಾರ್ಜೆಂಟ್ ಚಾರ್ಲ್ಸ್ ಆಂಡರ್ಸನ್, ಫಿರಂಗಿ ಪಡೆಯಿಂದ ಬಂದ ಮಾತು ಕಡಿಮೆಯ ಮನುಷ್ಯ. ಕುಲುಮೆ ಕಾಯುತ್ತಿದ್ದ ಅವನಿಗೆ ಮನೆಗೆ ಹೋಗೆಂದು ಹೇಳುವುದನ್ನು ಫ್ಯಾರಡೆ ಒಂದು ಸಂಜೆ ಮರೆತುಬಿಟ್ಟನೆಂದೂ, ಮರುದಿನ ಬೆಳಗ್ಗೆ ಬಂದು ನೋಡಿದರೆ ಆಂಡರ್ಸನ್ ಇನ್ನೂ ಬೆಂಕಿಯ ಮುಂದೆ ಕುಳಿತಿದ್ದನೆಂದೂ ಒಂದು ಕಥೆಯುಂಟು. ಕಥೆಯನ್ನು ಹೇಳುವವರು ಅವನ ವಿಧೇಯತೆಯನ್ನು ಹೊಗಳುತ್ತಾರೆ. ರಾತ್ರಿಯಿಡೀ ಕುಲುಮೆಯ ಶಾಖವನ್ನು ಏರುಪೇರಿಲ್ಲದೆ ಕಾಯ್ದಿರಿಸುವುದು ಎಂಥ ವಿದ್ಯೆಯೆಂಬುದನ್ನು ಹೊಗಳಿದವರನ್ನು ನಾನು ಕಂಡಿಲ್ಲ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಅರ್ಥವತ್ತಾಗಿ ತೋರುವುದು ಮ್ಯಾಂಚೆಸ್ಟರಿನ ಓಟೊ ಬೌಂಬಾಖನ ಸಂಗತಿ. ರೇಡಿಯಂ ಮೊದಲಾದ ಧಾತುಗಳು ಹೊರಚೆಲ್ಲುವ ಆಲ್ಫಾ ಕಣವು ಹೀಲಿಯಂ ಪರಮಾಣುವೇ ಎಂದು ಅರ್ನೆಸ್ಟ್ ರದರ್‌ಫರ್ಡನು ದೃಢವಾಗಿ ನಂಬಿದ್ದನು. ಆದರೆ ನಂಬಿಕೆಯನ್ನು ಪ್ರಮಾಣವನ್ನಾಗಿ ಮಾಡಬೇಕಾದರೆ, ಒಳಗೆ ತುಂಬಿದ ವಿಕಿರಣಶೀಲ ಅನಿಲವನ್ನು ಹೊರಬಿಡದೆ ಆಲ್ಫಾ ಕಣಗಳನ್ನು ಮಾತ್ರ ಹೊರಗೆ ಹಾಯಗೊಡುವಷ್ಟು ತೆಳುವಾದ, ಆದರೂ ವಾಯುಮಂಡಲದ ಒತ್ತಡಕ್ಕೆ ಕುಸಿಯದ ಗಾಜಿನ ಕೊಳವೆಯೊಂದು ಬೇಕಾಗಿತ್ತು. ಬೌಂಬಾಖನು ಆ ಕೊಳವೆಯನ್ನು ಊದಿಕೊಟ್ಟನು. ಅದರ ಗೋಡೆಯ ದಪ್ಪ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅದನ್ನು ಇಟ್ಟುಕೊಂಡು ರದರ್‌ಫರ್ಡನೂ ಥಾಮಸ್ ರಾಯ್ಡ್ಸನೂ ಮಾಡಿದ ಪ್ರಯೋಗ 1909ರಲ್ಲಿ ಪ್ರಕಟವಾಯಿತು; ಲೇಖನದಲ್ಲಿ ಬೌಂಬಾಖನ ಹೆಸರೂ ಬಂದಿದೆಯೆಂಬುದು ಸಮಾಧಾನದ ವಿಷಯ. ಪ್ರಶ್ನೆ ಕೇಳುವ ಬುದ್ಧಿ ಒಬ್ಬನದು, ಉತ್ತರಕ್ಕೆ ದಾರಿ ಮಾಡುವ ಕೈ ಇನ್ನೊಬ್ಬನದು. ಆ ಕೈ ಒದಗುವ ತನಕ ಪರಮಾಣುವಿನ ಮಹಾಮೇಧಾವಿಯೂ ಕಾಯಬೇಕಾಯಿತು.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವುಂಟು. ಆಚಾರ್ಯ ಪ್ರಫುಲ್ಲಚಂದ್ರ ರಾಯರು ಹಿಂದೂ ರಸಾಯನಶಾಸ್ತ್ರದ ಚರಿತ್ರೆಯನ್ನು ಬರೆದಾಗ, ಇಲ್ಲಿ ವೈಜ್ಞಾನಿಕ ಮನೋಧರ್ಮ ಕುಗ್ಗಿದ್ದೇಕೆಂಬ ಪ್ರಶ್ನೆಯನ್ನೆತ್ತಿ, ಕಲೆ ಕಸುಬುಗಳು ಕೆಳಜಾತಿಗಳ ಪಾಲಾಗಿ, ಪಂಡಿತವರ್ಗವು ಕೈಗೆಲಸದಿಂದ ದೂರ ಸರಿದದ್ದೇ ಅದಕ್ಕೆ ಮುಖ್ಯ ಕಾರಣವೆಂದು ನಿಸ್ಸಂಕೋಚವಾಗಿ ಹೇಳಿದರು. ಕಾರಣವನ್ನು ಬೇರೆಯಾಗಿ ಹೇಳುವವರು ಇರಬಹುದು. ಆದರೆ ಅಕ್ಕಸಾಲಿಗನ ಪುಟದ ಜ್ಞಾನವೂ ಕಂಚುಗಾರನ ಎರಕದ ಜ್ಞಾನವೂ ಶಾಸ್ತ್ರವೆಂದು ಎಣಿಕೆಯಾಗದ ಸಮಾಜದಲ್ಲಿ, ಪ್ರಯೋಗಶಾಲೆಯ ಫಿಟ್ಟರನ ಜ್ಞಾನ ವಿಜ್ಞಾನವೆಂದು ಎಣಿಕೆಯಾಗುವುದಕ್ಕೆ ಹೆಚ್ಚು ಕಾಲ ಹಿಡಿಯುವುದರಲ್ಲಿ ಆಶ್ಚರ್ಯವಿಲ್ಲ.

ಹೀಗಿದ್ದರೂ ಗೌರವಯುತವಾದ ಅಪವಾದಗಳುಂಟು. ಕಲ್ಕತ್ತೆಯ ಬೌಬಜಾರಿನ ಇಂಡಿಯನ್ ಅಸೋಸಿಯೇಷನ್ನಿನಲ್ಲಿ ಸಿ. ವಿ. ರಾಮನ್ನರು ಸರ್ಕಾರಿ ಲೆಕ್ಕಪತ್ರದ ಉದ್ಯೋಗದ ಮುಂಚೆಯೂ ಅನಂತರವೂ ಬಂದು ಸಂಶೋಧನೆ ನಡೆಸುತ್ತಿದ್ದ ದಿನಗಳಲ್ಲಿ ಅವರಿಗೆ ಬಲಗೈಯಾಗಿದ್ದವರು ಆಶುತೋಷ ಡೇ. ವಿಶ್ವವಿದ್ಯಾಲಯದ ಹೊಸ್ತಿಲನ್ನೇ ತುಳಿಯದ ಈ ‘ಆಶುಬಾಬು’ ಉಪಕರಣಗಳನ್ನು ಅಣಿಗೊಳಿಸಿದ್ದಷ್ಟೇ ಅಲ್ಲದೆ, ಲಂಡನ್ನಿನ ರಾಯಲ್ ಸೊಸೈಟಿಯ ನಡವಳಿಗಳಲ್ಲಿ ತಮ್ಮ ಸ್ವಂತ ಹೆಸರಿನಿಂದಲೇ ಲೇಖನ ಪ್ರಕಟಿಸಿದರು. ಸಹಾಯಕನ ಹೆಸರು ಅಡಿಟಿಪ್ಪಣಿಯಿಂದ ಶೀರ್ಷಿಕೆಯ ಕೆಳಗಿನ ಸಾಲಿಗೆ ಏರಿದ್ದು ಆ ಕಾಲದಲ್ಲಿ ಸಾಮಾನ್ಯ ಸಂಗತಿಯಲ್ಲ.

ಬೆಂಗಳೂರಿಗೆ ಬಂದರೆ, 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಮಂದಿರದ ಮೊದಲ ನಿರ್ದೇಶಕರಾದ ಮಾರಿಸ್ ಟ್ರಾವರ್ಸರು, ವಿಲಿಯಂ ರ್‍ಯಾಮ್ಸೆಯವರೊಡನೆ ನಿಯಾನ್, ಕ್ರಿಪ್ಟಾನ್, ಜೆನಾನ್ ಅನಿಲಗಳನ್ನು ಬೇರ್ಪಡಿಸಿದವರು, ಉಪಕರಣಗಳನ್ನು ಸ್ವತಃ ಗಾಜಿನಲ್ಲಿ ಊದಿ ಮಾಡಬಲ್ಲವರಾಗಿದ್ದರು. 1933ರಲ್ಲಿ ನಿರ್ದೇಶಕರಾಗಿ ಬಂದ ರಾಮನ್ನರು ಭೌತವಿಜ್ಞಾನ ವಿಭಾಗದೊಡನೆ ಸೂಕ್ಷ್ಮೋಪಕರಣಗಳ ವರ್ಕ್‌ಷಾಪಿಗೂ ಗಮನ ಕೊಟ್ಟರು. ವಿಶ್ವೇಶ್ವರಯ್ಯನವರ ಉದ್ಯಮದಿಂದ 1943ರಲ್ಲಿ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ತಲೆಯೆತ್ತಿತು. ಈ ಅಡಿಪಾಯದ ಮೇಲೆಯೇ ನಗರದ ಮುಂದಿನ ವೈಜ್ಞಾನಿಕ ಕೀರ್ತಿ ಕಟ್ಟಲ್ಪಟ್ಟಿತೆಂದರೆ ಅತಿಶಯೋಕ್ತಿಯಲ್ಲ. 1975ರಲ್ಲಿ ಕಕ್ಷೆಗೇರಿದ ಆರ್ಯಭಟ ಉಪಗ್ರಹ ಸಿದ್ಧವಾದದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಕಾವಲೂರಿನಲ್ಲಿ 1986ರಿಂದ ಆಕಾಶವನ್ನು ನೋಡುತ್ತಿರುವ 2.34 ಮೀಟರ್ ದೂರದರ್ಶಕದ ದರ್ಪಣವನ್ನು ಉಜ್ಜಿ ಹೊಳಪುಕೊಟ್ಟದ್ದು ಕೋರಮಂಗಲದ ಖಭೌತ ಸಂಸ್ಥೆಯ ಕಮ್ಮಟದಲ್ಲಿ, ಎ. ಪಿ. ಜಯರಾಜನ್ನರ ನೇತೃತ್ವದಲ್ಲಿ. ಕೋಲಾರದ ಚಿನ್ನದ ಗಣಿಯೊಳಗೆ, ನೆಲದಿಂದ ಎರಡು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ, 1965ರಲ್ಲಿ ವಾಯುಮಂಡಲದ ನ್ಯೂಟ್ರಿನೊಗಳ ಸುಳಿವನ್ನು ಮೊದಮೊದಲು ಕಂಡ ಪ್ರಯೋಗಗಳಲ್ಲೊಂದು ನಡೆದಾಗ, ಬೆವರಿಳಿಯುವ ಆ ಸುರಂಗದಲ್ಲಿ ಕೇಬಲ್ಲುಗಳನ್ನು ಜೋಡಿಸಿ ಎಣಿಕೆಯ ಉಪಕರಣಗಳ ಮುಂದೆ ಯಾರಾದರೂ ಪಾಳಿ ಕಾಯಬೇಕಾಗಿತ್ತಲ್ಲವೆ? ವಿಜ್ಞಾನಿಗಳ ಹೆಸರುಗಳು ಎಲ್ಲರಿಗೂ ತಿಳಿದಿವೆ; ಪಾಳಿಯವರ ಹೆಸರುಗಳು ಹಾಜರಿ ಪುಸ್ತಕದಲ್ಲಿದ್ದರೆ ಉಂಟು.

ಈ ಕೆಲಸದ ಸ್ವರೂಪವನ್ನು ದೂರದಿಂದ ಹೊಗಳಿದರೆ ಪ್ರಯೋಜನವಿಲ್ಲ, ಸಮೀಪದಿಂದ ನೋಡಬೇಕು. ಸಂಶೋಧನಾಲಯವೊಂದರ ಗ್ಲಾಸ್ ಬ್ಲೋಯಿಂಗ್ ವಿಭಾಗದಲ್ಲಿ ಬೋರೋಸಿಲಿಕೇಟ್ ಗಾಜಿನ ಎರಡು ಕೊಳವೆಗಳನ್ನು ಬೆಸೆಯುವ ಕ್ರಮವನ್ನೇ ತೆಗೆದುಕೊಳ್ಳೋಣ. ಆಮ್ಲಜನಕ ಬೆರೆತ ಉರಿಯಲ್ಲಿ ಗಾಜು ಕಾಯ್ದೊಡನೆ ಅದರೊಳಗಿನ ಸೋಡಿಯಂ ಕಣ್ಣು ಕುಕ್ಕುವ ಹಳದಿ ಬೆಳಕನ್ನು ಚೆಲ್ಲುತ್ತದೆ. ಡೈಡೀಮಿಯಂ ಕನ್ನಡಕ ಆ ಹಳದಿಯೊಂದನ್ನೇ ಸೋಸಿಬಿಡುವುದರಿಂದ, ಅದನ್ನು ಧರಿಸಿದವನಿಗೆ ಗಾಜಿನ ಅಂಚು ಸ್ಪಷ್ಟವಾಗಿ ಕಾಣುತ್ತದೆ. ಎರಡು ಕೈಗಳೂ ಎರಡು ಕೊಳವೆಗಳನ್ನು ಒಂದೇ ವೇಗದಲ್ಲಿ ತಿರುಗಿಸುತ್ತಿರಬೇಕು. ಒಂದು ಕೈ ಕೂದಲೆಳೆಯಷ್ಟು ಹಿಂದೆ ಬಿದ್ದರೂ ಮೆತ್ತಗಾದ ಗಾಜು ತಿರುಚಿಕೊಳ್ಳುತ್ತದೆ. ಬಾಯಲ್ಲಿ ಹಿಡಿದ ರಬ್ಬರ್ ನಳಿಕೆಯಿಂದ ಮೆಲ್ಲನೆ ಊದಿ, ಕುಸಿಯತೊಡಗಿದ ಬೆಸುಗೆಯನ್ನು ಒಳಗಿನಿಂದ ಎತ್ತಿ ಹಿಡಿಯಬೇಕು. ಬೆಸುಗೆಯಾದ ಮೇಲೆ ಕೆಲಸ ಮುಗಿಯಿತೆನ್ನುವಂತಿಲ್ಲ. ಗಾಜಿನೊಳಗೆ ಉಳಿದ ಬಿಗುಪು ಕಣ್ಣಿಗೆ ಕಾಣದು. ಸುಮಾರು 560 ಡಿಗ್ರಿ ಸೆಲ್ಸಿಯಸ್ ಶಾಖದ ಅನೀಲಿಂಗ್ ಓವನ್ನಿನಲ್ಲಿಟ್ಟು ನಿಧಾನವಾಗಿ ಆರಿಸದಿದ್ದರೆ, ಇಂದು ಚೆನ್ನಾಗಿ ಕಾಣುವ ಕೊಳವೆ ವಾರದ ಮೇಲೆ ಯಾರೂ ಮುಟ್ಟದಿದ್ದಾಗಲೇ ಬಿರಿಯಬಹುದು. ಧ್ರುವೀಕೃತ ಬೆಳಕಿನಲ್ಲಿ ಹಿಡಿದು ನೋಡಿದರೆ ಆ ಬಿಗುಪು ಬಣ್ಣದ ಪಟ್ಟೆಗಳಾಗಿ ಪ್ರತ್ಯಕ್ಷವಾಗುತ್ತದೆ. ಇದರಲ್ಲಿ ಪುಸ್ತಕದಿಂದ ಕಲಿಯಬಹುದಾದ ಅಂಶ ಸ್ವಲ್ಪ. ಉಳಿದದ್ದೆಲ್ಲ ಇನ್ನೊಬ್ಬರ ಮಗ್ಗುಲಲ್ಲಿ ವರ್ಷಗಟ್ಟಲೆ ನಿಂತು ಕಲಿಯತಕ್ಕದ್ದು.

ಈ ವೃತ್ತಿಯನ್ನು ಸೇರಲು ಇಂದು ನಾಲ್ಕಾರು ಹಾದಿಗಳಿವೆ. 1950ರಲ್ಲಿ ಆರಂಭವಾದ ಕುಶಲಕರ್ಮಿಗಳ ತರಬೇತಿ ಯೋಜನೆಯ ಫಲವಾದ ಐಟಿಐಗಳು, ಪಾಲಿಟೆಕ್ನಿಕ್ಕಿನ ಡಿಪ್ಲೊಮಾ, ಬಿ.ಎಸ್‌ಸಿ. ಪದವಿ, ವೈದ್ಯಕೀಯದ ಕಡೆಗಾದರೆ ಡಿ.ಎಂ.ಎಲ್.ಟಿ. ಅಥವಾ ಬಿ.ಎಸ್‌ಸಿ. ಎಂ.ಎಲ್.ಟಿ.; ಇವುಗಳ ಜೊತೆಗೆ 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ದೊರೆಯುವ ಶಿಶಿಕ್ಷುತನ. ವೇತನದ ಮಾತನ್ನು ಮರೆಮಾಚಬಾರದು. ಏಳನೆಯ ವೇತನ ಆಯೋಗದ ಪಟ್ಟಿಯಲ್ಲಿ ಇಸ್ರೋದ ಟೆಕ್ನಿಷಿಯನ್-ಬಿ ಹುದ್ದೆಯ ಮೂಲವೇತನ 21,700 ರೂಪಾಯಿಗಳಿಂದ, ಡಿಪ್ಲೊಮಾದವರ ಟೆಕ್ನಿಕಲ್ ಅಸಿಸ್ಟೆಂಟ್ ಹುದ್ದೆಯದು 44,900ರಿಂದ, ವಿಜ್ಞಾನಿ ಹುದ್ದೆಯ ಮೊದಲ ಮೆಟ್ಟಿಲು 56,100ರಿಂದ ಆರಂಭವಾಗುತ್ತದೆ. ಸಿ.ಎಸ್.ಐ.ಆರ್. ಪ್ರಯೋಗಾಲಯಗಳಲ್ಲಿ ಟೆಕ್ನಿಷಿಯನ್ನನಿಗೆ 19,900, ಟೆಕ್ನಿಕಲ್ ಅಸಿಸ್ಟೆಂಟಿಗೆ 35,400. ಭತ್ಯೆಗಳು ಸೇರಿದರೆ ಸಂಸಾರ ಸಾಗಿಸಲು ಸಾಲದ ಮೊತ್ತವಲ್ಲ. ಜಿಲ್ಲಾ ಕೇಂದ್ರದ ಎಷ್ಟೋ ಖಾಸಗಿ ಉದ್ಯೋಗಗಳಿಗಿಂತ ಮೇಲು.

ತೊಡಕಿರುವುದು ಬೇರೆಡೆಯಲ್ಲಿ. ತನ್ನ ವರ್ಗದೊಳಗೆ ಮೌಲ್ಯಮಾಪನಗಳ ಮೂಲಕ ಮೇಲೇರಬಹುದು. ಒಂದು ವರ್ಗದಿಂದ ಇನ್ನೊಂದಕ್ಕೆ ದಾಟುವ ಬಾಗಿಲು ಕಿರಿದು. ಹುದ್ದೆಗಳು ವಿರಳವಾದಂತೆ ಐಟಿಐ ಕೇಳಿದಲ್ಲಿ ಡಿಪ್ಲೊಮಾದವರೂ, ಡಿಪ್ಲೊಮಾ ಕೇಳಿದಲ್ಲಿ ಬಿ.ಇ. ಆದವರೂ ಅರ್ಜಿ ಹಾಕುತ್ತಾರೆ. ಆಯ್ಕೆಯಾದ ಮೇಲೆ ಅವರ ಮನಸ್ಸು ಲೇತಿನ ಮೇಲಿರದೆ ಮುಂದಿನ ಪರೀಕ್ಷೆಯ ಮೇಲಿರುತ್ತದೆ. ಅದು ಅವರ ತಪ್ಪಲ್ಲ. ಎರಡು ಮೂರು ವರ್ಷಗಳಲ್ಲಿ ಅವರು ಹೊರಟುಹೋದಾಗ, ಕೈಗೆ ಹತ್ತುತ್ತಿದ್ದ ವಿದ್ಯೆಯೂ ಅವರೊಡನೆ ಹೊರಟುಹೋಗುತ್ತದೆ. ಕಾಯಂ ಹುದ್ದೆಯ ಬದಲಿಗೆ ವರ್ಷ ವರ್ಷಕ್ಕೆ ನವೀಕರಿಸುವ ಗುತ್ತಿಗೆ ಬಂದಿರುವುದಂತೂ ಇದಕ್ಕಿಂತ ಹೆಚ್ಚಿನ ಕೇಡು. ಸಂಶೋಧನ ವಿದ್ಯಾರ್ಥಿ ಐದಾರು ವರ್ಷವಿದ್ದು ಪದವಿ ಪಡೆದು ಹೋಗುವವನು, ಪ್ರಾಧ್ಯಾಪಕನ ಗಮನ ಒಂದು ಯೋಜನೆಯಿಂದ ಇನ್ನೊಂದಕ್ಕೆ ಹರಿಯುವಂಥದು. ಮೂವತ್ತು ವರ್ಷ ಒಂದೇ ಸ್ಥಳದಲ್ಲಿ ನಿಂತು ಪ್ರಯೋಗಶಾಲೆಯ ಸ್ಮೃತಿಯನ್ನು ಧರಿಸಬೇಕಾದವನನ್ನು ಹನ್ನೊಂದು ತಿಂಗಳ ಕರಾರಿಗೆ ನೇಮಿಸಿಕೊಳ್ಳುವುದು ಯಾವ ಲೆಕ್ಕಾಚಾರದ ಉಳಿತಾಯವೋ ನಾನರಿಯೆ.

ಕಾಲೇಜುಗಳ ಸ್ಥಿತಿಯನ್ನು ಕುರಿತು ಹೆಚ್ಚು ಹೇಳಬೇಕಾದದ್ದಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಕೊಟ್ಟ ಲವಣ ಯಾವುದೆಂದು ಪರೀಕ್ಷಕರಿಗಿಂತ ಮೊದಲು ಬಲ್ಲವನು ಅಟೆಂಡರನೇ ಎಂಬುದು ಬಿ.ಎಸ್‌ಸಿ. ಓದಿದವರೆಲ್ಲರಿಗೂ ತಿಳಿದ ರಹಸ್ಯ. ಆ ಹುದ್ದೆ ಖಾಲಿ ಬಿದ್ದಲ್ಲಿ ದ್ರಾವಣಗಳನ್ನು ತಯಾರಿಸುವವರಿಲ್ಲದೆ ಪ್ರಯೋಗಗಳು ನೋಟ್‌ಬುಕ್ಕಿನಲ್ಲಿ ಮಾತ್ರ ನಡೆಯುತ್ತವೆ.

ಸಂಖ್ಯೆಯ ದೃಷ್ಟಿಯಿಂದ ಇಂದು ಈ ವೃತ್ತಿಯ ಅತ್ಯಂತ ವಿಶಾಲವಾದ ಶಾಖೆ ವೈದ್ಯಕೀಯ ಪ್ರಯೋಗಾಲಯದ್ದು. ಹೆಣ್ಣುಮಕ್ಕಳು ಹೆಚ್ಚಾಗಿ ಪ್ರವೇಶಿಸಿರುವುದೂ ಇದನ್ನೇ. ಸಾರ್ವಜನಿಕರಿಗೆ ಇವರು ಸೂಜಿ ಚುಚ್ಚುವವರಾಗಿ ಮಾತ್ರ ಪರಿಚಿತರು, ಸೂಜಿಯ ಆಚೆಗಿನ ವಿವೇಕ ಕಾಣುವುದಿಲ್ಲ. ರಕ್ತ ತೆಗೆಯುವ ಕೊಳವೆಗಳ ಮುಚ್ಚಳಗಳಿಗೆ ಬೇರೆ ಬೇರೆ ಬಣ್ಣಗಳಿರುವುದು ಅಲಂಕಾರಕ್ಕಲ್ಲ. ನೇರಳೆ ಮುಚ್ಚಳದ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಪೊಟ್ಯಾಸಿಯಂ ಇಡಿಟಿಎ ಇರುತ್ತದೆ. ಅವಸರದಲ್ಲಿ ಯಾರಾದರೂ ಅದರೊಳಗಿನ ರಕ್ತವನ್ನು ಇನ್ನೊಂದು ಕೊಳವೆಗೆ ಸುರಿದರೆ, ಯಂತ್ರವು ಏನೂ ಅನುಮಾನಿಸದೆ ಪೊಟ್ಯಾಸಿಯಂ ವಿಪರೀತ ಹೆಚ್ಚಿದೆಯೆಂದೂ ಕ್ಯಾಲ್ಸಿಯಂ ವಿಪರೀತ ಇಳಿದಿದೆಯೆಂದೂ ಮುದ್ರಿಸಿಕೊಡುತ್ತದೆ. ನಡೆದುಕೊಂಡು ಬಂದು ಬೆಂಚಿನ ಮೇಲೆ ಕುಳಿತು ಪತ್ರಿಕೆ ಓದುತ್ತಿರುವ ರೋಗಿಗೆ ಇಂಥ ಅಂಕಿಗಳು ಹೊಂದುವುದಿಲ್ಲವೆಂದು ಕಂಡುಕೊಂಡು, ವರದಿಗೆ ಸಹಿ ಬೀಳುವ ಮುನ್ನವೇ ತಡೆದು, ಎರಡನೆಯ ಬಾರಿ ರಕ್ತ ತೆಗೆಸುವವಳು ಟೆಕ್ನಿಷಿಯನ್. ಕೊಳವೆಯನ್ನು ಬಲವಾಗಿ ಕುಲುಕಿದರೂ ರಕ್ತಕಣಗಳೊಡೆದು ಪೊಟ್ಯಾಸಿಯಂ ಏರುತ್ತದೆ. ಆದರೆ ಆಗ ಕ್ಯಾಲ್ಸಿಯಂ ಹಾಗೆ ಕುಸಿಯುವುದಿಲ್ಲ, ತಿಳಿಯಾದ ಸೀರಂ ಕೆಂಪೇರಿರುತ್ತದೆ. ಈ ಎರಡು ದೋಷಗಳ ಅಂತರವನ್ನು ಒಂದು ನೋಟದಲ್ಲಿ ಗುರುತಿಸುವ ಸಾಮರ್ಥ್ಯಕ್ಕೆ ಖಾಸಗಿ ಪ್ರಯೋಗಾಲಯಗಳು ಕೊಡುವ ಸಂಬಳ ನಾಚಿಕೆ ಹುಟ್ಟಿಸುವಷ್ಟು ಅಲ್ಪವಾಗಿರುವುದು ಅಪರೂಪವಲ್ಲ. 2020ರ ಸಾಂಕ್ರಾಮಿಕದಲ್ಲಿ ಮೈತುಂಬ ರಕ್ಷಾಕವಚ ತೊಟ್ಟು ಹಗಲಿರುಳು ಆರ್‌ಟಿ-ಪಿಸಿಆರ್ ಪರೀಕ್ಷೆ ನಡೆಸಿದವರು ಇವರೇ. 2021ರಲ್ಲಿ ಸಂಸತ್ತು ಸಹವರ್ತಿ ಆರೋಗ್ಯವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯನ್ನು ಅಂಗೀಕರಿಸಿ ಇವರಿಗೆ ಶಾಸನಬದ್ಧ ಸ್ಥಾನವನ್ನು ಕಲ್ಪಿಸಿತು. ಕಾಗದದ ಮೇಲಿನ ಸ್ಥಾನವು ಸಂಬಳದ ಚೀಟಿಗೆ ಇಳಿಯುವುದು ಬಾಕಿಯಿದೆ.

ಯಂತ್ರಗಳು ತಾವಾಗಿಯೇ ನಡೆಯುವ ಈ ಕಾಲದಲ್ಲಿ ಇಂಥವರ ಅಗತ್ಯ ಅಳಿಯುವುದಿಲ್ಲವೆ ಎಂದು ಕೇಳುವವರುಂಟು. ಎಣಿಸುವ, ಅಳೆಯುವ ಕೆಲಸ ಯಂತ್ರಕ್ಕೆ ಹೋಗುತ್ತಿರುವುದು ನಿಜವೇ. ಆದರೆ ಯಂತ್ರ ದೊಡ್ಡದಾದಷ್ಟೂ ಅದರ ಆರೈಕೆ ಸೂಕ್ಷ್ಮವಾಗುತ್ತದೆ. ಎನ್‌ಎಂಆರ್ ಉಪಕರಣದ ಅಯಸ್ಕಾಂತವು ಸೊನ್ನೆಗಿಂತ 269 ಡಿಗ್ರಿ ಕೆಳಗಿನ ದ್ರವ ಹೀಲಿಯಂನಲ್ಲಿ ಮುಳುಗಿರಬೇಕು. ಹೀಲಿಯಂ ಮಟ್ಟ ಇಳಿದು ತಂತಿಸುರುಳಿ ಅತಿವಾಹಕತೆಯನ್ನು ಕಳೆದುಕೊಂಡರೆ, ದ್ರವವೆಲ್ಲ ಒಮ್ಮೆಗೇ ಕುದಿದು ಅನಿಲವಾಗಿ ಹಾರಿಹೋಗಿ ಲಕ್ಷಗಟ್ಟಲೆ ರೂಪಾಯಿ ಗಾಳಿಗೆ ಸೇರುತ್ತದೆ, ಮುಚ್ಚಿದ ಕೋಣೆಯಲ್ಲಿ ಉಸಿರಿಗೂ ಅಪಾಯ. ಮಟ್ಟವನ್ನು ದಿನವೂ ಬರೆದಿಡುವ, ಹೀಲಿಯಂ ತುಂಬುವಾಗ ನಳಿಕೆಯನ್ನು ಎಷ್ಟು ನಿಧಾನವಾಗಿ ಇಳಿಸಬೇಕೆಂದು ಬಲ್ಲ ಮನುಷ್ಯನನ್ನು ಕಂಪನಿ ಯಂತ್ರದೊಡನೆ ಪೆಟ್ಟಿಗೆಯಲ್ಲಿಟ್ಟು ಕಳುಹಿಸುವುದಿಲ್ಲ.

ಮನ್ನಣೆಯ ಪ್ರಶ್ನೆ ಇದಕ್ಕಿಂತ ಹಳೆಯದು, ಹೆಚ್ಚು ಕಹಿಯೂ ಹೌದು. ಅಮೆರಿಕದ ವಿವಿಯನ್ ಥಾಮಸ್ ಎಂಬ ಕರಿಯ ಯುವಕನು 1930ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಶಸ್ತ್ರವೈದ್ಯ ಆಲ್ಫ್ರೆಡ್ ಬ್ಲಾಲಾಕರ ಸಹಾಯಕನಾಗಿ ಸೇರಿದಾಗ, ಮಾಡುತ್ತಿದ್ದದ್ದು ಸಂಶೋಧನೆಯ ಕೆಲಸವಾದರೂ ದಾಖಲೆಯಲ್ಲಿ ಅವನು ಜಾಡಮಾಲಿಯಾಗಿದ್ದನು. ಹುಟ್ಟಿನಿಂದಲೇ ಹೃದಯದೋಷವಿದ್ದು ಮೈ ನೀಲಿಗಟ್ಟುವ ಮಕ್ಕಳ ಶಸ್ತ್ರಚಿಕಿತ್ಸೆಯನ್ನು ನಾಯಿಗಳ ಮೇಲೆ ಪ್ರಯೋಗಿಸಿ ಕ್ರಮಬದ್ಧಗೊಳಿಸಿದವನು ಅವನು. 1944ರ ನವೆಂಬರಿನಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಬ್ಲಾಲಾಕರು ಮೊದಲ ಶಸ್ತ್ರಕ್ರಿಯೆ ಮಾಡಿದಾಗ, ಅವರ ಬೆನ್ನ ಹಿಂದೆ ಸ್ಟೂಲಿನ ಮೇಲೆ ನಿಂತು ಹೊಲಿಗೆಯ ಒಂದೊಂದು ಹೆಜ್ಜೆಯನ್ನೂ ಹೇಳಿಕೊಟ್ಟನು. ಗೌರವ ಡಾಕ್ಟರೇಟು ದೊರೆತದ್ದು 1976ರಲ್ಲಿ. ಬ್ರಿಟನ್ನಿನಲ್ಲಿ 2017ರಿಂದ ವಿಶ್ವವಿದ್ಯಾಲಯಗಳೂ ಸಂಶೋಧನಾಲಯಗಳೂ ‘ಟೆಕ್ನಿಷಿಯನ್ ಕಮಿಟ್‌ಮೆಂಟ್’ ಎಂಬ ಒಪ್ಪಂದಕ್ಕೆ ಸಹಿ ಹಾಕಿ, ತಾಂತ್ರಿಕ ಸಿಬ್ಬಂದಿಯ ಹೆಸರು, ಮನ್ನಣೆ, ಬಡ್ತಿಗಳ ವಿಷಯದಲ್ಲಿ ಬಹಿರಂಗವಾಗಿ ಹೊಣೆ ಹೊರುತ್ತಿವೆ. ನಮ್ಮಲ್ಲಿ ಲೇಖನದ ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಹೆಸರು ಬಂದರೆ ಅದೇ ಭಾಗ್ಯ; ಎಷ್ಟೋ ವೇಳೆ ಆ ಸಾಲು ‘ವರ್ಕ್‌ಷಾಪ್ ಸಿಬ್ಬಂದಿಗೆ’ ಎಂದಷ್ಟೇ ಇರುತ್ತದೆ.

ಹಾಗಾದರೆ ತರುಣನೊಬ್ಬನಿಗೆ ಏನು ಹೇಳಬಹುದು? ಕಾಯಂ ಹುದ್ದೆಯಿದ್ದು, ಕಲಿಸುವ ಹಿರಿಯನೊಬ್ಬ ಅಲ್ಲಿದ್ದು, ಒಂದು ಕೆಲಸವನ್ನು ನೂರು ಸಲ ಮಾಡಿದರೂ ಬೇಸರಪಡದ ಸ್ವಭಾವ ತನ್ನಲ್ಲಿದ್ದರೆ, ಇದಕ್ಕಿಂತ ತೃಪ್ತಿಕರವಾದ ಉದ್ಯೋಗಗಳು ಬಹಳವಿಲ್ಲವೆಂದು ಧೈರ್ಯವಾಗಿ ಹೇಳಬಹುದು. ಮೊದಲ ಎರಡು ಇಲ್ಲದ ಕಡೆ ಸೇರೆಂದು ಹೇಳಲು ನನಗೆ ಬಾಯಿ ಬಾರದು. ಹಿರಿಯನ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವುಂಟು. ಸರ್ಕಾರಿ ಪದ್ಧತಿಯಲ್ಲಿ ಒಂದು ಹುದ್ದೆ ತೆರವಾದ ಮೇಲೆಯೇ ಅದನ್ನು ತುಂಬುವ ಕಾಗದಪತ್ರ ಹೊರಡುತ್ತದೆ. ಪ್ರಕಟಣೆ, ಅರ್ಜಿ, ಪರೀಕ್ಷೆ, ಆದೇಶಗಳಲ್ಲಿ ಕಾಲ ಕಳೆದು ಹೊಸಬನು ಬಂದು ನಿಲ್ಲುವ ಹೊತ್ತಿಗೆ, ಮೂವತ್ತು ವರ್ಷ ಗಾಜು ಊದಿದವನು ಪಿಂಚಣಿ ಪಡೆದು ಊರು ಸೇರಿರುತ್ತಾನೆ. ಬೀಳ್ಕೊಡುಗೆಯ ದಿನ ಅವನಿಗೆ ಶಾಲು ಹೊದಿಸುತ್ತಾರೆ; ಅವನು ಬೀರುವಿನ ಬೀಗದ ಕೈಗಳನ್ನು ಆಫೀಸಿಗೆ ಒಪ್ಪಿಸಿ ರಸೀದಿ ಪಡೆಯುತ್ತಾನೆ. ಹಳಬನೂ ಹೊಸಬನೂ ಒಂದೇ ಉರಿಯ ಮುಂದೆ ಜೊತೆಯಾಗಿ ನಿಲ್ಲುವ ಒಂದು ದಿನವೂ ಈ ಪದ್ಧತಿಯಲ್ಲಿಲ್ಲ. ನಿವೃತ್ತಿಯ ದಿನಾಂಕ ಆಡಳಿತಕ್ಕೆ ಮೊದಲಿನಿಂದಲೂ ಗೊತ್ತಿರುವುದರಿಂದ, ಅದಕ್ಕೆ ಎರಡು ವರ್ಷ ಮುಂಚೆಯೇ ಉತ್ತರಾಧಿಕಾರಿಯನ್ನು ನೇಮಿಸಿ, ಆ ಅವಧಿಯ ಎರಡು ಸಂಬಳವನ್ನು ತರಬೇತಿಯ ವೆಚ್ಚವೆಂದು ಬರೆದುಕೊಳ್ಳುವುದಕ್ಕೆ ಹೊಸ ಕಾಯಿದೆಯೇನೂ ಬೇಕಿಲ್ಲ. ಹಣಕಾಸು ವಿಭಾಗದ ಒಂದು ಆದೇಶ ಸಾಕು.